ಪೈಪೋ ಸೈಲೆನ್ಸರೋ

ಮಧುರೆಯ ಬೈರೇಶನ ಲಾರಿ ಆ ಬೆಳಿಗ್ಗೆ ರಸ್ತೆಯ ಉಬ್ಬು ಇಳಿಯುವಾಗ ಸೈಲೆನ್ಸರನ್ನು ಉದುರಿಸಿಬಿಟ್ಟಿತು. ತುಕ್ಕು ತಿಂದು ಜರಡಿಯಾಗಿದ್ದ ಅದನ್ನು ಎತ್ತಲು ಹೋದರೆ ಅರ್ಧ ಮಾತ್ರ ಕೈಗೆ ಬಂತು. ಮೆಕ್ಯಾನಿಕ್ ನರೇಶ್ ನೋಡಿ, ಎರಡು ದಾರಿ ಇದೆ ಎಂದ. ಹೊಸ ಸೈಲೆನ್ಸರ್ ಹಾಕಿದರೆ ಊರು ಸುಮ್ಮನಿರುತ್ತದೆ. ಅದರ ಬದಲು ಎಂಜಿನ್ನಿನಿಂದ ಹಿಂದಿನವರೆಗೆ ಒಂದೇ ನೇರ ಪೈಪು ಎಳೆದರೆ ಹೊಗೆಗೆ ತಡೆಯಿಲ್ಲ, ಗಾಡಿ ಏರಿನಲ್ಲಿ ದಮ್ಮು ಕಟ್ಟುವುದಿಲ್ಲ.

ಇಟ್ಟಿಗೆ ಹೊತ್ತು ಘಾಟಿ ಕಡೆಯ ಏರಿನಲ್ಲಿ ತೆವಳುವಾಗ ಟ್ರ್ಯಾಕ್ಟರಿನವರೂ ತನ್ನನ್ನು ಹಿಂದೆ ಹಾಕಿ, ಕನಿಕರದಿಂದ ತಿರುಗಿ ನೋಡಿದ್ದು ಬೈರೇಶನ ಎದೆಯಲ್ಲಿ ಮುಳ್ಳಿನಂತಿತ್ತು.

"ಪೈಪೇ ಹಾಕು ಗುರು," ಎಂದ.

ಲಾರಿ ಬೀದಿಗೆ ತಿರುಗಿದಾಗ ಸಾವಿರ ಕೊಡಗಳನ್ನು ಬಂಡೆಯ ಮೇಲಿಂದ ಉರುಳಿಸಿದಂತಾಯಿತು. ಪಕ್ಕದ ಮನೆಯ ವೆಂಕಟರಾಯಪ್ಪನವರು ಜಗಲಿಯಲ್ಲಿ ಕೂತು ರೇಜರಿನಿಂದ ಗಡ್ಡ ಕೆರೆದುಕೊಳ್ಳುತ್ತಿದ್ದರು. ಬೆಚ್ಚಿದ ಕೈ ಅವರ ಎಡಮೀಸೆಯನ್ನು ತೆಗೆದುಕೊಂಡು ಹೋಯಿತು. ಎದುರು ಮನೆಯ ಅಶ್ವತ್ಥಮ್ಮನ ಹಸು ಹಾಲಿನ ಕೊಡಪಾನ ಒದ್ದು ಕೆರೆಯ ಕಡೆ ಓಡಿತು. ಇಬ್ಬರೂ ಬೈರೇಶನ ಬಾಗಿಲಿಗೆ ಬಂದರು. ಅಶ್ವತ್ಥಮ್ಮ ಬೈದದ್ದು ಬಹಳ. ವೆಂಕಟರಾಯಪ್ಪನವರು ಬೈಯಲಿಲ್ಲ, ಉಳಿದ ಅರ್ಧ ಮೀಸೆಯನ್ನು ನೀವಿಕೊಂಡು ಮೆಲ್ಲಗೆ ಹೇಳಿದರು.

"ಮೀಸೆ ಹೋದ್ರೆ ಮತ್ತೆ ಬರುತ್ತೆ ಕಣಪ್ಪ. ಸಾಯಂಕಾಲ ನಿನ್ನ ಮಗು ಮನೆಗೆ ಬರ್ತೈತಲ್ಲ, ಅದರ ಕಿವಿ ಹೋದ್ರೆ ಬರುತ್ತಾ?"

ಬೈರೇಶ ಕುಗ್ಗಿಹೋದ. ಬಾಣಂತನ ಮುಗಿಸಿದ ಹೆಂಡತಿ ಪದ್ಮಶ್ರೀಯನ್ನೂ ಮಗಳು ಬಿಂದುಶ್ರೀಯನ್ನೂ ಹತ್ತಿರದ ತವರೂರು ವಿಜಯಪುರದಿಂದ ಕರೆತರಲು ಅವನು ಹೊರಡಬೇಕಿದ್ದದ್ದು ಇದೇ ಲಾರಿಯಲ್ಲಿ. ಮರಳಿ ನರೇಶನ ಬಳಿ ಹೋಗಿ, ಪೈಪು ಬಿಚ್ಚಿಸಿ, ಅವನಲ್ಲಿದ್ದ ಅತಿ ದೊಡ್ಡ ಸೈಲೆನ್ಸರನ್ನೇ ಹಾಕಿಸಿದ. ಪೈಪನ್ನು ಬಿಟ್ಟುಬರಲು ಮನಸ್ಸಾಗದೆ ಲಾರಿಯ ಹಿಂದೆ ಮಲಗಿಸಿಕೊಂಡ.

ವಿಜಯಪುರದಲ್ಲಿ ಅತ್ತೆ ತೊಟ್ಟಿಲು, ಹಾಸಿಗೆ, ಪಾತ್ರೆಗಳನ್ನು ಲಾರಿಗೆ ಏರಿಸಿದರು. ನಿದ್ದೆಯಲ್ಲಿದ್ದ ಮಗು ಊರು ದಾಟುವಷ್ಟರಲ್ಲಿ ಕಣ್ಣು ಬಿಟ್ಟು ಅಳಲು ಹಿಡಿಯಿತು. ಹೊಸ ಸೈಲೆನ್ಸರಿನ ಮಹಿಮೆಯಿಂದ ಒಂದೊಂದು ಬಿಕ್ಕೂ ಸ್ಪಷ್ಟವಾಗಿ ಕೇಳುತ್ತಿತ್ತು. ಮಧುರೆ ತಲುಪಿದರೂ ನಿಲ್ಲಲಿಲ್ಲ. ದೃಷ್ಟಿ ತೆಗೆದರು, ಬಜೆ ತೇದು ನೆಕ್ಕಿಸಿದರು, ಬೀದಿಯ ಹೆಂಗಸರೆಲ್ಲ ಸರದಿಯ ಮೇಲೆ ಎತ್ತಿಕೊಂಡರು. ಕೆರೆಯಿಂದ ಮರಳಿದ್ದ ಅಶ್ವತ್ಥಮ್ಮನ ಹಸು ಆ ಅಳುವಿಗೆ ಸಂಜೆಯ ಹಾಲಿಗೂ ಸೊರ ಬಿಡದೆ ಕೆಚ್ಚಲು ಬಿಗಿಹಿಡಿಯಿತು. ಮಗುವಿನ ಮುಖ ಕೆಂಪಗಾಗಿ ದನಿ ಬಿರಿದಾಗ ಬೈರೇಶನಿಗೆ ನಿಜಕ್ಕೂ ಭಯವಾಯಿತು.

ತೂಗುತ್ತಿದ್ದ ಪದ್ಮಶ್ರೀ ಇದ್ದಕ್ಕಿದ್ದಂತೆ ತೊಟ್ಟಿಲು ನಿಲ್ಲಿಸಿದಳು.

"ರೀ, ಅಮ್ಮನ ಮನೆ ಗೋಡೆ ಆಚೆಗೇ ರೇಷ್ಮೆ ಹುರಿ ಮಾಡೋ ಮಷಿನ್ನು. ಹಗಲೂ ರಾತ್ರಿ ಓಡ್ತಾನೇ ಇರುತ್ತೆ. ನಮಗೆ ಅದು ಸದ್ದು ಅಂತಾನೇ ಅನ್ಸಲ್ಲ. ಇವಳು ಹುಟ್ಟಿದಾಗಿಂದ ಸದ್ದಿಲ್ದೆ ಮಲಗೇ ಇಲ್ಲ."

ಬೈರೇಶ ಓಡಿಹೋಗಿ ಲಾರಿ ಚಾಲೂ ಮಾಡಿದ. ಸೈಲೆನ್ಸರ್ ಬೆಕ್ಕಿನಂತೆ ಗುರುಗುಟ್ಟಿತು. ಮಗು ಒಂದು ಗಳಿಗೆ ಕಿವಿಗೊಟ್ಟು, ಸಾಲದೆಂದು ತೀರ್ಮಾನಿಸಿ, ಇನ್ನೂ ಜೋರಾಗಿ ಅತ್ತಿತು.

ಈಗ ಮೀಸೆಯೇ ಇಲ್ಲದ ವೆಂಕಟರಾಯಪ್ಪನವರು ಸ್ಪ್ಯಾನರ್ ಹಿಡಿದು ಬಂದರು. "ಬಿಚ್ಚು ಅದನ್ನ. ಪೈಪು ಹಾಕು."

ಮಗುವಿನ ಕಿವಿಯ ಗತಿಯೇನು ಎಂದು ಬೈರೇಶ ಕೇಳಿದ.

"ಕಿವಿ ಅವಳದು, ಸದ್ದು ಅವಳಿಗೇ ಬೇಕಂತೆ. ನಮ್ಮ ಕಿವಿ ಉಳಿಸಪ್ಪ."

ನರೇಶನನ್ನೂ ಕರೆಸಿದರು. ಪೈಪು ಕೂತಿತು. ಲಾರಿ ಗುಡುಗಿದ ಕೂಡಲೇ ಬಿಂದುಶ್ರೀ ಆಕಳಿಸಿ, ಮುಷ್ಟಿ ಸಡಿಲಿಸಿ, ನಿದ್ದೆ ಹೋದಳು. ಕಂಪಿಸುತ್ತಿದ್ದ ಹೆಂಚುಗಳ ಕೆಳಗೆ ಬೀದಿಯವರೆಲ್ಲ ನಿಟ್ಟುಸಿರು ಬಿಟ್ಟರು. ಬೈರೇಶನಿಗೆ ಮಗಳ ಮೇಲೆ ಅಕ್ಕರೆ ಉಕ್ಕಿತು. ತನ್ನ ಮನಸ್ಸನ್ನು ಅರಿತವಳು ಇವಳೊಬ್ಬಳೇ ಅನ್ನಿಸಿತು.

ರಾತ್ರಿಯ ಲೋಡು ತುಂಬಿಸಲು ಇಟ್ಟಿಗೆ ಗೂಡಿನಲ್ಲಿ ಕಾಯುತ್ತಿದ್ದರು. ಬೈರೇಶ ಹೆಮ್ಮೆಯಿಂದ ಗೇರ್ ಹಾಕಿದ. ಲಾರಿ ಬೀದಿಯ ತಿರುವು ದಾಟಿತೋ ಇಲ್ಲವೋ, ಹಿಂದಿನಿಂದ ಮಗುವಿನ ಕೂಗು ಎದ್ದಿತು. ಅದರ ಹಿಂದೆಯೇ ಇಡೀ ಬೀದಿ ಓಡಿಬಂದು ಲಾರಿಗೆ ಅಡ್ಡ ನಿಂತಿತು. ಯಾರೂ ಬೈಯಲಿಲ್ಲ. ಮದುವೆ ಮನೆಗೆ ಕರೆಯುವವರಷ್ಟೇ ಮರ್ಯಾದೆಯಿಂದ, ಹಿಂದಕ್ಕೆ ಬಾ ಎಂದು ಕೈಮಾಡಿದರು.

ಬೈರೇಶ ರಿವರ್ಸ್ ತೆಗೆದು ಮನೆ ಮುಂದೆ ನಿಲ್ಲಿಸಿದ. ಎಂಜಿನ್ ಆರಿಸಲು ಯಾರೂ ಬಿಡಲಿಲ್ಲ. ವೆಂಕಟರಾಯಪ್ಪನವರು ಎರಡು ದಪ್ಪ ಕಲ್ಲು ತಂದು, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮಲಗಲು ಹೋದರು.