ಹೊಸ ಅಳಿಯನಿಗೊಂದು ಕೈಪಿಡಿ

ರಾದ್ಧಾಂತಕ್ಕೆಲ್ಲ ಕಾರಣ ಒಂದೇ ಒಂದು ಸಾಲು: "ದೂರನ್ನು ನೋಡಿಕೊಳ್ಳುತ್ತದೆ."

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೈಪಿಡಿ ಬರೆಯುವ ನಮ್ಮ ನಾಯಕ ಈ ಸಾಲನ್ನು ಎರಡು ಸಾಫ್ಟ್‌ವೇರ್ ಸಲಕರಣೆಗಳ ಮುಂದೆ ಬರೆದಿದ್ದ. ಒಂದು ಮೆಕ್ಯಾನಿಕ್‌ನನ್ನು ಕಳಿಸುವಂಥದ್ದು, ಇನ್ನೊಂದು ಕೆಲಸ ಮುಗಿಯಿತೆಂದು ದೂರನ್ನು ಮುಚ್ಚುವಂಥದ್ದು. ಮನುಷ್ಯರು ಓದುತ್ತಿದ್ದಾಗ ತೊಂದರೆಯೇನೂ ಆಗಿರಲಿಲ್ಲ, ಏಕೆಂದರೆ ಮನುಷ್ಯರು ಓದುತ್ತಲೇ ಇರಲಿಲ್ಲ. ದೂರು ಕೇಳಿ ತಾನೇ ಕೆಲಸ ಹಂಚಲೆಂದು ಈ ವಾರ ಬಂದ ಎಐ ಏಜೆಂಟ್ ಮಾತ್ರ ಒಂದಕ್ಷರ ಬಿಡದೆ ಓದಿತು. ಎರಡು ಸಲಕರಣೆಯೂ ಒಂದೇ ಎಂದುಕೊಂಡು, ಬೆಳಿಗ್ಗೆ ಹತ್ತರೊಳಗೆ ನಲವತ್ತು ದೂರು ಮುಚ್ಚಿ, "ನಿಮ್ಮ ಲಿಫ್ಟ್ ಸರಿಯಾಗಿದೆ, ಧನ್ಯವಾದ" ಎಂದು ಎಲ್ಲರಿಗೂ ಸಂದೇಶ ಕಳಿಸಿತು. ಮೂವರು ಅದನ್ನು ಕೆಟ್ಟು ನಿಂತ ಲಿಫ್ಟಿನೊಳಗೇ ಓದಿದರಂತೆ.

ಆಫೀಸಿನವರು ಏಜೆಂಟಿಗೆ 'ಹೊಸ ಅಳಿಯ' ಎಂದು ಹೆಸರಿಟ್ಟಿದ್ದರು. ಹೇಳಿದಷ್ಟೇ ಮಾಡುತ್ತದೆ, ಬೈಯುವ ಹಾಗಂತೂ ಇಲ್ಲ.

ಹಾಗಾಗಿ ಬೈಗುಳ ಕೈಪಿಡಿಯವನ ಪಾಲಿಗೆ ಬಂತು. "ಬರೆದೋನು ನೀನು, ಸರಿ ಮಾಡೋನೂ ನೀನೇ," ಎಂದರು ಮ್ಯಾನೇಜರ್. "ಹತ್ತು ದೂರು ಸಾಲಾಗಿ ತಪ್ಪಿಲ್ಲದೆ ಹೋಗೋವರೆಗೂ ಕುರ್ಚಿ ಬಿಟ್ಟು ಏಳ್ಬೇಡ."

"ಸಾರ್, ನಾಲ್ಕೂವರೆಗೆ ನನ್ನ ಹೆಂಡ್ತಿ ಡ್ರೈವಿಂಗ್ ಟೆಸ್ಟು. ಕಾರು ನನ್ನ ಹತ್ರ ಇದೆ."

"ಹಾಗಾದ್ರೆ ಬೇಗ ಬೇಗ ಬರಿ."

ಕೈಪಿಡಿಯವನ ಹೆಂಡತಿ ಆಗಲೇ ಎರಡು ಸಲ ಫೇಲಾಗಿದ್ದಳು, ಎರಡೂ ಸಲ ಕಲಿಸಿದವನು ಇವನೇ. "ಈ ಸಲ ನೀವೇನೂ ಕಲಿಸ್ಬೇಡಿ, ಕಾರು ತಂದು ನಿಲ್ಲಿಸಿ ಸಾಕು" ಎಂದು ಬೆಳಿಗ್ಗೆ ಕಟ್ಟಪ್ಪಣೆಯಾಗಿತ್ತು. ಇವತ್ತು ತಪ್ಪಿದರೆ ಮತ್ತೆ ಸರದಿ ಬರುವುದು ಆರು ತಿಂಗಳಿಗೆ. ಆ ಆರು ತಿಂಗಳು ಮನೆಯಲ್ಲಿ ಹೇಗಿರುತ್ತದೆಂದು ನೆನೆದೇ ಅವನು ಕೀಬೋರ್ಡ್ ಹತ್ತಿರಕ್ಕೆಳೆದುಕೊಂಡ.

ಬರೆಯಲು ಕೂತದ್ದೇ ತಡ, ಸಲಹೆಗಾರರು ಮುತ್ತಿಕೊಂಡರು.

"ಮೊದ್ಲು ಗ್ರಾಹಕರ ಆರೋಗ್ಯ ವಿಚಾರಿಸ್ಬೇಕು ಅಂತ ಸೇರಿಸೋ. ನಾನು ಇಷ್ಟು ವರ್ಷ ಹಾಗೇ ಮಾಡಿರೋದು," ಎಂದಳು ಫೋನ್ ಎತ್ತುವ ಅಕ್ಕ. ಸೇರಿಸಿದ. ಹೊಸ ಅಳಿಯ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಅಜ್ಜನೊಬ್ಬನ ಆರೋಗ್ಯ ವಿಚಾರಿಸಿತು. ಅಜ್ಜ ಮಂಡಿನೋವಿನಿಂದ ಶುರುಮಾಡಿದ. ಇಪ್ಪತ್ತು ನಿಮಿಷ ಕಳೆದರೂ ಮಾತು ಸೊಂಟದಿಂದ ಮೇಲೆ ಹೋಗಲಿಲ್ಲ, ಯಾವ ಕಟ್ಟಡವೆಂದು ತಿಳಿಯಲೂ ಇಲ್ಲ.

ಹಿರಿಯ ಮೆಕ್ಯಾನಿಕ್ ನಕ್ಕ. "ಅಷ್ಟೆಲ್ಲ ಯಾಕೆ? ದೂರು ಬಂದ ತಕ್ಷಣ ಮೆಕ್ಯಾನಿಕ್ ಕಳಿಸು ಅಂತ ಬರಿ. ಮಿಕ್ಕಿದ್ದು ಅದಕ್ಕೇ ಅರ್ಥ ಆಗುತ್ತೆ." ಬರೆದ. ಸಿಡುಕಿನ ಹೆಂಗಸೊಬ್ಬಳು ಒಂದೇ ದೂರನ್ನು ಏಳು ಸಲ ಹೇಳಿದಳು. ಅವಳ ಮನೆಬಾಗಿಲಿಗೆ ಏಳು ಮೆಕ್ಯಾನಿಕ್‌ಗಳು ನೆಂಟರ ಹಾಗೆ ಬಂದಿಳಿದರು.

ಗಂಟೆ ಎರಡೂವರೆ. ಕೈಪಿಡಿಯವನು ಎಲ್ಲರನ್ನೂ ಕೈಮುಗಿದು ಸಾಗಹಾಕಿ, ಹಳೆಯದನ್ನು ಅಳಿಸಿ, ಪ್ರತಿ ಸಲಕರಣೆಗೂ ಅದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಹೊಸದಾಗಿ ಬರೆದ. "ದೂರು ಬಂದ ಜಾಗಕ್ಕೆ ಅತಿ ಹತ್ತಿರವಿರುವ, ಬಿಡುವಾಗಿರುವ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸುತ್ತದೆ. ಸ್ಥಳದಲ್ಲಿ ಆಗಲೇ ಮೆಕ್ಯಾನಿಕ್ ಇದ್ದರೆ ಬಳಸಲೇಬಾರದು, ಗ್ರಾಹಕರು ಎಷ್ಟೇ ಕೂಗಾಡಲಿ." ಬರೆದದ್ದನ್ನು ಓದಿಕೊಂಡಾಗ ಅವನಿಗೇ ಹೆಮ್ಮೆಯಾಯಿತು.

ಹತ್ತಕ್ಕೆ ಹತ್ತೂ ದೂರು ಬೆಣ್ಣೆಯಿಂದ ಕೂದಲೆಳೆದಂತೆ ಸಾಗಿದವು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಭೇಷ್!" ಎಂದರು ಮ್ಯಾನೇಜರ್. "ಇನ್ಮೇಲೆ ಯಾರೂ ಮಧ್ಯೆ ಕೈ ಹಾಕೋ ಹಾಗಿಲ್ಲ. ಎಲ್ಲಾ ಅಳಿಯನ ಮೂಲಕವೇ."

ಕೈಪಿಡಿಯವನು ಓಡಿ ಲಿಫ್ಟ್ ಹತ್ತಿದ. ಕೆಲಸ ಮುಗಿಸಿ ಹೊರಟಿದ್ದ ಹಿರಿಯ ಮೆಕ್ಯಾನಿಕ್ಕೂ ಒಳಗೆ ನುಸುಳಿದ. ಮೂರು ಮತ್ತು ಎರಡನೇ ಮಹಡಿಯ ನಡುವೆ ಲಿಫ್ಟ್ ಗಕ್ಕನೆ ನಿಂತಿತು.

"ಸರಿ ಮಾಡಿ ಬೇಗ!"

"ಒಳಗಿಂದ ಆಗಲ್ಲ ಕಣಪ್ಪಾ. ಮೇಲೆ ಮೋಟಾರ್ ರೂಮಿಗೆ ಯಾರಾದ್ರೂ ಹೋಗ್ಬೇಕು. ದೂರು ಕೊಡು."

ಫೋನ್ ಮಾಡಿದ. ಹೊಸ ಅಳಿಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಚಿಂತಿಸಬೇಡಿ. ಅತಿ ಹತ್ತಿರದ, ಬಿಡುವಾಗಿರುವ ಮೆಕ್ಯಾನಿಕ್‌ನನ್ನು ಕಳಿಸಿದ್ದೇನೆ" ಎಂದಿತು. ಕೈಪಿಡಿಯವನು ನಿಟ್ಟುಸಿರು ಬಿಟ್ಟ.

ಹಿರಿಯ ಮೆಕ್ಯಾನಿಕ್‌ನ ಜೇಬಿನಲ್ಲಿ ಫೋನ್ ರಿಂಗಾಯಿತು. ತೆಗೆದು ನೋಡಿದವನ ಮುಖ ಸಪ್ಪಗಾಯಿತು. "ನನ್ನನ್ನೇ ಕಳಿಸಿದೆ."

"ಬೇರೆ ಯಾರನ್ನಾದ್ರೂ ಕಳಿಸು!" ಎಂದು ಕೈಪಿಡಿಯವನು ಫೋನಿಗೆ ಅರಚಿದ.

"ಸ್ಥಳದಲ್ಲಿ ಆಗಲೇ ಮೆಕ್ಯಾನಿಕ್ ಇದ್ದಾರೆ. ಇನ್ನೊಬ್ಬರನ್ನು ಕಳಿಸುವಂತಿಲ್ಲ. ಈ ವಿಷಯದಲ್ಲಿ ಕೈಪಿಡಿ ಬಹಳ ಸ್ಪಷ್ಟವಾಗಿದೆ."

ಎಷ್ಟು ಕೂಗಾಡಿದರೂ ಅದು ಜಗ್ಗಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದ. ಅವರು ಪರದೆ ನೋಡಿ, "ಮೆಕ್ಯಾನಿಕ್ ತಲುಪಿದ್ದಾನೆ ಅಂತ ಇದೆಯಲ್ಲಯ್ಯಾ! ಅದೂ ಒಂದು ನಿಮಿಷದೊಳಗೆ! ಎಂಥಾ ಕೈಪಿಡಿ ಬರೆದಿದೀಯೋ!" ಎಂದು ಹಿಗ್ಗಿ, ಇವನ ಮಾತು ಕೇಳುವ ಮೊದಲೇ ಫೋನಿಟ್ಟರು. ಮತ್ತೆ ಮಾಡಿದರೆ ಬಿಜಿ. ಈ ಸಾಧನೆಯನ್ನು ಮಾಲೀಕರಿಗೆ ಬಣ್ಣಿಸುತ್ತಿದ್ದರು.

ನಾಲ್ಕೂಕಾಲಿಗೆ ಹೆಂಡತಿಯ ಫೋನ್ ಬಂತು.

"ರೀ, ಹೊರಟ್ರಾ?"

"ಹೊರಟಿದೀನಿ ಕಣೇ."

"ಎಲ್ಲಿವರೆಗೆ ಬಂದ್ರಿ? ಸ್ವಲ್ಪ ಸ್ಪಷ್ಟವಾಗಿ ಹೇಳಿ."

"ಮೂರು ಮತ್ತು ಎರಡನೇ ಮಹಡಿಯ ನಡುವೆ," ಎಂದ ಕೈಪಿಡಿಯವನು. ಮೆಕ್ಯಾನಿಕ್ ಚಾವಣಿ ನೋಡಿದ.