ಕಕ್ಕಸಿನೊಳಗೆ ಮೆಕ್ಕೆಜೋಳ

ಲಫುಕೇನಿ ತಾನು ಕಟ್ಟಿದ ಕಕ್ಕಸಿಗೆ ಬಾಗಿಲು ಕೂರಿಸಿದ್ದೇ ತಪ್ಪಾಯಿತು. ಬಾಗಿಲಿದ್ದರೆ ಬೀಗ ಹಾಕಬಹುದು ಎಂದು ಊರಿನ ಹಿರಿಯಳು ಎಲಿನೆಸ್ ಅಮ್ಮನಿಗೆ ಹೊಳೆದುಬಿಟ್ಟಿತು.

ಶಿರೆ ನದಿ ಊರನ್ನು ನುಂಗಿದ ಮೇಲೆ ಜನ ದಿಬ್ಬದಲ್ಲಿ ಡೇರೆ ಹಾಕಿಕೊಂಡಿದ್ದರು. ಇಂಥ ಸಂತ್ರಸ್ತರಿಗೆ ನೆರವಾಗುವ ಎಂಜಿನಿಯರಿಂಗ್ ಓದುತ್ತಿದ್ದ ಲಫುಕೇನಿಗೆ ಅಲ್ಲೊಂದು ಮಾದರಿ ಕಕ್ಕಸು ಕಟ್ಟುವುದೇ ಕೊನೆಯ ಪರೀಕ್ಷೆ. ಎತ್ತರದ ಕಟ್ಟೆ, ಗಾಳಿಗೆ ಕಿಂಡಿ, ಸೋರದ ತಗಡಿನ ಮಾಡು. ಹರಕು ಡೇರೆಗಳ ನಡುವೆ ಅದು ಮದುವಣಿಗನ ಹಾಗೆ ನಿಂತಿತ್ತು.

ಮೇಷ್ಟ್ರು ಕಯೂನಿ ಪರೀಕ್ಷಿಸಲು ಬರುವ ದಿನ ಬೆಳಿಗ್ಗೆ ನೋಡಿದರೆ ಬಾಗಿಲಿಗೆ ಬೀಗ. ಕಿಂಡಿಯಲ್ಲಿ ಇಣುಕಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಗುಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಮೆಕ್ಕೆಜೋಳದ ಚೀಲಗಳು. ಪ್ರವಾಹದಲ್ಲಿ ಹೆಂಗಸರು ತಲೆಮೇಲೆ ಹೊತ್ತು ಉಳಿಸಿದ ಬಿತ್ತನೆ ಬೀಜ ಅದು.

"ಅಮ್ಮಾ, ಇದು ಕಕ್ಕಸು," ಎಂದ ಲಫುಕೇನಿ.

"ಇನ್ನೂ ಯಾರೂ ಕೂತಿಲ್ವಲ್ಲಪ್ಪ. ಕೂರೋವರೆಗೂ ಬರೀ ಕೋಣೆ," ಎಂದಳು ಎಲಿನೆಸ್ ಅಮ್ಮ.

ಕೈಕಾಲು ಹಿಡಿದು ಬೀಗ ತೆಗೆಸಿದ. ಚೀಲ ಹೊರಗೆ ಹೊತ್ತು ಹಾಕತೊಡಗಿದ. ಸಹಾಯಕ್ಕೆಂದು ಬಂದವರು ಸಲಹೆಯನ್ನಷ್ಟೇ ಕೊಟ್ಟರು. ಒಬ್ಬರು ಎಡಕ್ಕಿಡು ಎಂದರೆ ಇನ್ನೊಬ್ಬರು ಬಲಕ್ಕೆ. ಒಂದು ಚೀಲ ಹರಿದು ಕಾಳು ಚೆಲ್ಲಿತು. ದಿಬ್ಬದ ಕೋಳಿಗಳೆಲ್ಲ ಔತಣಕ್ಕೆ ಕರೆದಂತೆ ಓಡಿಬಂದವು. ಅಷ್ಟರಲ್ಲಿ ಮೇಷ್ಟ್ರ ಜೀಪೂ ಬಂತು, ಮಳೆಯೂ ಬಂತು.

ಬೀಜ ನೆನೆದರೆ ಈ ವರ್ಷ ಬಿತ್ತನೆಯೇ ಇಲ್ಲ. ಪರೀಕ್ಷೆ ಮರೆತು ಲಫುಕೇನಿಯೇ ಚೀಲಗಳನ್ನು ಮತ್ತೆ ಒಳಗೆ ತುಂಬಿದ. ಕೊನೆಯ ಚೀಲದ ಹಿಂದೆಯೇ ಮೇಷ್ಟ್ರೂ ನುಗ್ಗಿ, ಮೂಟೆಗಳ ನಡುವೆ ಇನ್ನೊಂದು ಮೂಟೆಯಂತೆ ಕುಳಿತರು.

ಮಳೆ ನಿಂತಾಗ ಡೇರೆಗಳೆಲ್ಲ ಸೋರಿ, ಒಳಗಿದ್ದ ಹಿಟ್ಟು ಅಂಬಲಿಯಾಗಿತ್ತು. ನೆನೆಯದೆ ಉಳಿದದ್ದು ಬೀಜ ಮತ್ತು ಮೇಷ್ಟ್ರು. ಹೆಂಗಸರು ಕಾಳು ಮುಟ್ಟಿ ಮುಟ್ಟಿ ನೋಡಿ ನಕ್ಕರು, ಒಬ್ಬಳು ಅತ್ತೂಬಿಟ್ಟಳು. ಲಫುಕೇನಿಗೂ ಎದೆಯ ಭಾರ ಇಳಿದಂತಾಯಿತು.

"ನೀರು ಬರಲ್ಲ, ಇಲಿ ಹತ್ತಲ್ಲ, ಗಾಳಿ ಆಡುತ್ತೆ," ಎಂದರು ಮೇಷ್ಟ್ರು ಹೊರಬಂದು. "ಇದಕ್ಕಿಂತ ಒಳ್ಳೆ ಕಣಜ ನಾನು ನೋಡಿಲ್ಲ. ಇದನ್ನ ಇವರಿಗೇ ಬಿಡು."

"ಹಾಗಾದ್ರೆ ಪಾಸಾದೆನಾ ಸಾರ್?"

"ಪರೀಕ್ಷೆ ಕಕ್ಕಸಿನದಲ್ವೇನಯ್ಯಾ? ಇಲ್ಲೇ ಇದ್ದು ಇನ್ನೊಂದು ಕಟ್ಟು. ಆಮೇಲೆ ಬಂದು ನೋಡ್ತೀನಿ."

ಜೀಪು ಮರೆಯಾಯಿತು. ಎಲಿನೆಸ್ ಅಮ್ಮ ಹತ್ತಿರ ಬಂದು ಅವನ ಬೆನ್ನು ತಟ್ಟಿದಳು.

"ಬೇಜಾರು ಮಾಡ್ಕೋಬೇಡ ಮಗಾ. ಈ ಸಲ ಮಾತ್ರ ಸ್ವಲ್ಪ ದೊಡ್ಡದಾಗಿ ಕಟ್ಟು. ನನ್ನ ತಂಗಿ ಮನೆ ಬೀಜಾನೂ ಇದೆ."