ಮಗಳ ಹಾಲು ಬಿಡಿಸಿದ ನನ್ನ ಸಹಾಯ

ಸಹಾಯ ಮಾಡುವುದರಲ್ಲಿ ನನಗೆ ಅಂಥ ನೈಪುಣ್ಯವೇನಿಲ್ಲ. ಮಾಡಿದೆನೆಂದು ನೆನಪಿಟ್ಟುಕೊಳ್ಳುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಕಡಿಮೆ. ಮದುವೆಯಾದ ಹೊಸತರಲ್ಲಿ ಒಂದೇ ಒಂದು ದಿನ ಚಪಾತಿ ಲಟ್ಟಿಸಿಕೊಟ್ಟದ್ದು ಈಗ ನನ್ನ ತಲೆಯೊಳಗೆ ‘ಆಗೆಲ್ಲ ಚಪಾತಿ ನಾನೇ ಲಟ್ಟಿಸುತ್ತಿದ್ದೆ’ ಎಂದು ಬೆಳೆದು ಕೂತಿದೆ. ದಿನಚರಿ ಬರೆಯುವ ಅಭ್ಯಾಸವಿರುವವರ ನೆನಪು ಖಚಿತವಾಗಿರುತ್ತದೆ ಎಂದು ಜನ ನಂಬುತ್ತಾರೆ. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ನನ್ನ ಅನುಭವ ಬೇರೆ. ಬರೆಯುವಾಗಲೇ ನನಗೆ ಒಪ್ಪುವುದನ್ನು ಆರಿಸಿ ಬರೆದಿರುತ್ತೇನೆ, ಆಮೇಲೆ ಅದನ್ನೇ ಓದಿ ಸಾಕ್ಷಿ ಸಿಕ್ಕಿತೆಂದು ಸಂತೋಷಪಡುತ್ತೇನೆ. ಆದ್ದರಿಂದ ನನ್ನ ಮಗಳು ಮಾನಸಿ ಏಳು ತಿಂಗಳಿಗೇ ತಾಯಿಯ ಹಾಲು ಬಿಟ್ಟ ಸಂಗತಿಯನ್ನು ಹೇಳುವಾಗ ಓದುಗರು ನನ್ನ ಮಾತನ್ನು ಅರ್ಧ ನಂಬಿದರೆ ಸಾಕು. ಇನ್ನರ್ಧವನ್ನು ನನ್ನ ಹೆಂಡತಿ ವಸುಧಾಳನ್ನು ಕೇಳಬೇಕು. ವರ್ಷ ತುಂಬುವವರೆಗಾದರೂ ಮಗುವಿಗೆ ಹಾಲೂಡಿಸಬೇಕೆಂದು ಆಸೆಪಟ್ಟವಳು ಅವಳು.

ಆಗ ನಾವು ಡೊಂಬಿವ್ಲಿಯಲ್ಲಿದ್ದೆವು. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ. ಎದುರು ಮನೆಯಲ್ಲಿ ವಿಜಯಪುರದ ಕಡೆಯ ಮಾದೇವಕ್ಕ ಇದ್ದಳು. ಅವಳ ಗಂಡ ಕಲ್ಯಾಣದ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದ. ಮೂರು ತಿಂಗಳ ಹೆರಿಗೆ ರಜೆ ಮುಗಿದು ವಸುಧಾ ಥಾಣೆಯ ನೌಪಾಡಾದಲ್ಲಿದ್ದ ತನ್ನ ಆಫೀಸಿಗೆ ಹೊರಟ ದಿನ ಮಗುವನ್ನು ಎತ್ತಿಕೊಂಡವಳು ಮಾದೇವಕ್ಕ. ಬೆಳಿಗ್ಗೆ ವಸುಧಾ ಹಿಂಡಿಟ್ಟುಹೋದ ಹಾಲನ್ನು ಹಗಲೆಲ್ಲ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿದ್ದಳು. ಕೊಕ್ಕಿನಂಥ ಮೂತಿಯ ಆ ಪುಟ್ಟ ಒಳಲೆ ಮೈಸೂರಿನಿಂದ ನನ್ನ ಅಮ್ಮ ಕಳಿಸಿದ್ದು. ಮಾದೇವಕ್ಕ ಅದನ್ನು ಮೊದಲ ಸಲ ನೋಡಿದಾಗ, “ಇದೇನ್ರಿ ಅಕ್ಕಾರ, ದೀಪಕ್ಕ ಎಣ್ಣಿ ಹಾಕೂದೇನು?” ಎಂದಿದ್ದಳಂತೆ.

ಸಂಜೆ ನಾಲ್ಕರ ನಂತರ ಮಾತ್ರ ಮಗು ಎಷ್ಟು ಅತ್ತರೂ ಅವಳು ಹನಿ ಹಾಲು ಕೊಡುತ್ತಿರಲಿಲ್ಲ. ನಾನೊಮ್ಮೆ ರಜೆಯಲ್ಲಿ ಮನೆಯಲ್ಲಿದ್ದವನು ಇದನ್ನು ಕಂಡು ಗಾಬರಿಯಾಗಿ ಕೇಳಿದೆ. “ಈಗ ಹೊಟ್ಟಿ ತುಂಬಿಸಿದ್ರ ಅವ್ವನ ಹತ್ರ ಯಾಕ ಹೊಕ್ಕೈತ್ರಿ ಕೂಸು? ಆಕಿಗೂ ಎದಿ ಬಿಗದಿರ್ತೈತಿ. ನೀವು ಹೋಗಿ ಪೇಪರ್ ಓದ್ರಿ ಸಾಹೇಬ್ರ,” ಎಂದಳು. ನಾನು ಹೋಗಿ ಪೇಪರ್ ಓದಿದೆ. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಬಹುಶಃ ಅದೊಂದೇ.

ಆರು ಗಂಟೆಗೆ ಮಾದೇವಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ಹೊರಡುತ್ತಿದ್ದಳು. ಗಾಡಿ ಇಳಿದು ಮನೆಗೆ ನಡೆದುಬರುವ ಇಪ್ಪತ್ತು ನಿಮಿಷವನ್ನು ತಾಯಿಯೂ ತಾಳಲಾರಳು, ಮಗುವೂ ತಾಳಲಾರದು ಎಂಬುದು ಅವಳ ತೀರ್ಮಾನ. ಪಾದಚಾರಿ ಸೇತುವೆಯ ಬುಡದಲ್ಲಿ ಸುಮನತಾಯಿ ಎಂಬ ಮರಾಠಿ ಹೆಂಗಸಿನ ಟೈಲರ್ ಅಂಗಡಿಯಿತ್ತು. ಅಲ್ಲಿ ರವಿಕೆ ಹಾಕಿ ನೋಡಲು ಪರದೆ ಕಟ್ಟಿದ ಒಂದು ಮೂಲೆ. ವಸುಧಾ ಆ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಹಾಲೂಡಿಸುತ್ತಿದ್ದಳು. ಅಳತೆ ಕೊಡಲು ಬಂದವರು ಗೊಣಗಿದರೆ ಸುಮನತಾಯಿ, “ಆಧೀ ಬಾಳ, ಮಗ ಮಾಪ,” ಮೊದಲು ಮಗು, ಆಮೇಲೆ ಅಳತೆ, ಎಂದು ಬಾಯಿ ಮುಚ್ಚಿಸುತ್ತಿದ್ದಳು. ದಿನ ಕಳೆದಂತೆ ಗಿರಾಕಿಗಳೇ ಸೇರಿಕೊಂಡರು. ಒಬ್ಬಳು ಮೆಂತ್ಯದ ಲಾಡು ತಂದಳು, ಇನ್ನೊಬ್ಬಳು ಕೂರುವ ಭಂಗಿ ತಿದ್ದಿದಳು, ಮತ್ತೊಬ್ಬಳು ತನ್ನ ಅತ್ತೆಯನ್ನು ಬಯ್ದುಕೊಂಡಳು. ವಸುಧಾ ಮನೆಗೆ ಬರುವಾಗ ನಗುತ್ತಿದ್ದಳು. ಆ ಪರದೆ ಹಸಿರು ಬಣ್ಣದ್ದೆಂದು ನನಗೆ ಸ್ಪಷ್ಟವಾಗಿ ನೆನಪಿದೆ. “ಕೆಂಪು ಹೂವಿನದು. ನೀವು ಆ ಅಂಗಡಿ ಒಳಗೆ ಕಾಲೇ ಇಟ್ಟಿಲ್ಲ,” ಎನ್ನುತ್ತಾಳೆ ವಸುಧಾ.

ಹೀಗೆ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ನನಗೆ ಮಗುವಿನ ಭವಿಷ್ಯದ ಯೋಚನೆ ಬಂತು. ಖಾರಘರದಲ್ಲಿ ಹೊಸ ಕಟ್ಟಡ, ಎರಡು ಲಿಫ್ಟು, ಕಿಟಕಿ ತೆಗೆದರೆ ಗುಡ್ಡ. ಬೇಲಾಪುರದ ನನ್ನ ಆಫೀಸಿಗೆ ಅಲ್ಲಿಂದ ಹತ್ತೇ ನಿಮಿಷ ಎಂಬುದು ಕೇವಲ ಕಾಕತಾಳೀಯ. ಹಾಗೆಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ವಸುಧಾ ಒಪ್ಪಿದ್ದಳೆಂದೇ ನನ್ನ ನೆನಪು. “ಬುಕ್ ಮಾಡಿ ಬಂದು ಹೇಳಿದ್ರಿ,” ಎಂದು ಅವಳ ನೆನಪು. ಆ ವಾರದ ದಿನಚರಿಯಲ್ಲಿ ಅಡುಗೆಮನೆಯ ಟೈಲ್ಸಿನ ಬಗ್ಗೆ ಒಂದೂವರೆ ಪುಟವಿದೆ. ವಸುಧಾ ಏನೆಂದಳೆಂದು ಒಂದು ಸಾಲೂ ಇಲ್ಲ. ಮಾದೇವಕ್ಕ ಅಂದದ್ದು ಮಾತ್ರ ನನಗೆ ನೆನಪಿದೆ: “ವರ್ಷ ತುಂಬೂತನಾ ಇಲ್ಲೇ ಇರ್ರಲ್ಲ ಸಾಹೇಬ್ರ. ಗುಡ್ಡ ಏನ್ ಓಡಿ ಹೋಗ್ತಾವೇನ್ರಿ?” ನಾನು ನಕ್ಕು, ಲಿಫ್ಟಿನಲ್ಲಿ ಎಷ್ಟು ಜನ ಹಿಡಿಯುತ್ತಾರೆಂದು ಅವಳಿಗೆ ವಿವರಿಸಿದೆ.

ಖಾರಘರಕ್ಕೆ ಬಂದಾಗ ಮಾನಸಿಗೆ ಆರು ತಿಂಗಳು. ವಸುಧಾ ಈಗ ಥಾಣೆಯಿಂದ ಗಾಡಿ ಹಿಡಿದು, ನೆರೂಳಿನಲ್ಲಿ ಬದಲಿಸಿ, ಸ್ಟೇಷನ್ನಿನಿಂದ ಆಟೋಗೆ ಕಾದು ಮನೆ ಸೇರುವಾಗ ಏಳೂವರೆ. ನಾನು ಆರೂವರೆಗೇ ಬರುತ್ತಿದ್ದೆ. ಕೆಳಗಿನ ಮಹಡಿಯ ಪಾಳಣಾಘರದಿಂದ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಮನೆಯಿಂದ, ಮಗಳನ್ನು ಕರೆತರುವುದು ನನ್ನ ಕೆಲಸ. ಏಳಕ್ಕೆ ಅವಳು ಅಳಲು ಶುರುಮಾಡುತ್ತಿದ್ದಳು. ಆಗ ನನ್ನೊಳಗಿನ ಆದರ್ಶ ತಂದೆ ಎದ್ದು ನಿಂತ. ಬಾಟಲಿ ಕುದಿಸಿದೆ, ಡಬ್ಬಿಯ ಪುಡಿ ಕಲಸಿದೆ, ಮುಂಗೈ ಮೇಲೆ ಹನಿ ಹಾಕಿ ಬಿಸಿ ನೋಡಿದೆ. ಅದರ ವಿಧಾನವನ್ನು ಅಚ್ಚುಹಾಕಿಸಿ ಫ್ರಿಜ್ಜಿನ ಮೇಲೂ ಅಂಟಿಸಿದೆ. ಮಾನಸಿ ಗಟಗಟನೆ ಕುಡಿದು ನನ್ನ ಹೆಗಲ ಮೇಲೆ ನಿದ್ದೆಹೋದಳು. ಆ ಸುಖವನ್ನು ನಾನು ಸುಳ್ಳೆನ್ನಲಾರೆ. ದಣಿದು ಬಂದ ಹೆಂಡತಿಗೆ ಬಾಗಿಲಲ್ಲೇ ಸಂತೋಷದ ಸುದ್ದಿ ಹೇಳಿದೆ: “ಎಲ್ಲ ಆಯ್ತು, ನೀನು ಆರಾಮಾಗಿ ಊಟ ಮಾಡು.”

ವಸುಧಾ ಚಪ್ಪಲಿ ಕೂಡ ಬಿಡದೆ ಬಂದು ಮಲಗಿದ ಮಗುವಿನ ಕೆನ್ನೆ ಮುಟ್ಟಿ ನೋಡುತ್ತಿದ್ದಳು. ಅದು ಏಳುತ್ತಿರಲಿಲ್ಲ. ಅವಳು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಡುತ್ತಿದ್ದಳು. ಬಿಗಿದ ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳೆಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. “ಇವತ್ತೂ ಕುಡಿಸಿಬಿಟ್ರಾ?” ಎಂದು ದಿನಾ ಕೇಳುತ್ತಿದ್ದಳು. ನಾನದನ್ನು ಮೆಚ್ಚುಗೆಯೆಂದೇ ತಿಳಿದಿದ್ದೆ. ಒಂದು ದಿನ ಮಾತ್ರ, “ರೀ, ಅರ್ಧ ಗಂಟೆ ಎತ್ಕೊಂಡು ಓಡಾಡಿಸೋಕಾಗಲ್ವಾ? ನಾನು ಓಡೋಡಿ ಬರ್ತೀನಲ್ಲ,” ಎಂದಳು. “ಅಷ್ಟು ಹೊತ್ತು ಮಗೂನ ಅಳಿಸೋದಾ? ನನ್ನ ಕೈಲಾಗಲ್ಲಪ್ಪ,” ಎಂದೆ, ಬಹಳ ಮೃದು ಹೃದಯದವನಂತೆ.

ನಾಲ್ಕು ವಾರಕ್ಕೆ ವಸುಧಾಳ ಹಾಲು ಬತ್ತುತ್ತ ಬಂತು. ಮಾನಸಿಗೂ ಬಾಟಲಿಯ ಸಲೀಸು ಅಭ್ಯಾಸವಾಗಿ, ತಾಯಿಯ ಎದೆಗೆ ಹಿಡಿದರೆ ಮುಖ ತಿರುಗಿಸತೊಡಗಿದಳು. ಅಮ್ಮ ಮೈಸೂರಿನಿಂದ ಫೋನಿನಲ್ಲಿ, “ಕೆಲವರಿಗೆ ಹಾಲು ಸಾಲದು ಕಣೋ, ಏನು ಮಾಡಕ್ಕಾಗತ್ತೆ,” ಎಂದರು. ನಾನು ಅದನ್ನೇ ವಸುಧಾಳಿಗೆ ಸಮಾಧಾನದ ಮಾತೆಂದು ದಾಟಿಸಿದೆ. ಅವಳು ಒಳಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿಟ್ಟಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಅದನ್ನೂ ನನಗೆ ಬೇಕಾದಂತೆ ಬರೆದಿಟ್ಟುಕೊಳ್ಳುತ್ತಿದ್ದೆ. ದಿನಚರಿಯಲ್ಲಿರುವುದು ಇಷ್ಟೇ: ‘ಮಾನಸಿ ಹಾಲು ಬಿಟ್ಟಳು. ವಸುಧಾಳಿಗೆ ಇನ್ನು ವಿಶ್ರಾಂತಿ.’

ಪಶ್ಚಾತ್ತಾಪಕ್ಕೆ ಎಂಟು ವರ್ಷ ಹಿಡಿಯಿತು. ಹಿಡಿದ ಮೇಲೆ ಅದು ನನ್ನಲ್ಲಿ ಸಮಾಜಸೇವೆಯ ರೂಪ ತಾಳಿತು. ಆ ಹೊತ್ತಿಗೆ ನಾನು ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ. ಐದನೆಯ ಮಹಡಿಯ ಶ್ರದ್ಧಾ, ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಚೊಚ್ಚಲ ಬಾಣಂತಿ, ವಾಶಿಯ ಆಫೀಸಿಗೆ ಮತ್ತೆ ಹೋಗಲು ಶುರುಮಾಡಿದ್ದಳು. ಒಂದೇ ಮಲಗುವ ಕೋಣೆಯ ಮನೆ. ಅತ್ತೆ, ಮಾವ, ಮೈದುನ. ಮಗುವನ್ನು ನೆಮ್ಮದಿಯಾಗಿ ಎತ್ತಿಕೊಂಡು ಕೂರಲು ಜಾಗವಿಲ್ಲವೆಂದು ವಸುಧಾಳ ಹತ್ತಿರ ಲಿಫ್ಟಿನಲ್ಲಿ ಅತ್ತಳಂತೆ. ನಾನು ತಕ್ಷಣ ಸಭೆ ಕರೆದು, ಕ್ಲಬ್‌ಹೌಸಿನ ಪಕ್ಕದ ಖಾಲಿ ಕೋಣೆಯನ್ನು ತಾಯಂದಿರಿಗೆ ಬಿಟ್ಟುಕೊಡಿಸಿದೆ. ಅದರ ಮೇಲೆ ಒಂದು ಭಾಷಣವನ್ನೂ ಮಾಡಿದೆ. ಬೀಗದ ಕೈ ವಾಚ್‌ಮನ್ ಹತ್ತಿರ. ಅವನ ಬಳಿ ಒಂದು ರಿಜಿಸ್ಟರು: ಹೆಸರು, ಫ್ಲ್ಯಾಟ್ ನಂಬರು, ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ, ಬಂದ ಉದ್ದೇಶ. ಗೆರೆಗಳನ್ನು ನಾನೇ ಸ್ಕೇಲು ಹಿಡಿದು ಎಳೆದೆ.

ಶ್ರದ್ಧಾ ಒಂದು ಸಲ ಬಂದು, ವಾಚ್‌ಮನ್ ಪೆನ್ನು ಮುಂದೆ ಹಿಡಿದದ್ದನ್ನು ಕಂಡು ಹಾಗೇ ಹಿಂತಿರುಗಿದಳು. ಯಾಕೆಂದು ಕೇಳಿದರೆ, “ಅಂಕಲ್, ಉಸ್ ಮೇ ಕ್ಯಾ ಲಿಖೂಂ?” ಎಂದಳು. ಅದರಲ್ಲಿ ಏನು ಬರೆಯಬೇಕೆಂಬುದಕ್ಕೆ ಒಂದು ಮಾದರಿ ತಯಾರಿಸಿಕೊಡುವೆನೆಂದು ಹೇಳಿದೆ.

ಅದಾಗಿ ಎರಡು ವಾರದ ಮೇಲೆ ಒಂದು ಗುರುವಾರ ತಲೆನೋವೆಂದು ಬೇಗ ಹೊರಟು, ದಾರಿಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಮನೆಗೆ ಬಂದೆ. ಗಂಟೆ ಒತ್ತಿದರೆ ಬಾಗಿಲು ಅಂಗೈ ಅಗಲ ತೆರೆಯಿತು, ಸರಪಳಿ ಹಾಗೇ ಇತ್ತು. ಸಂದಿಯಲ್ಲಿ ವಸುಧಾಳ ಮುಖ. ತಿಂಗಳ ಹಿಂದೆ ಆಫೀಸಿನ ವೇಳೆ ಬದಲಾದ ಮೇಲೆ ಅವಳು ಐದಕ್ಕೇ ಮನೆಯಲ್ಲಿರುತ್ತಿದ್ದಳು.

“ಶ್ರದ್ಧಾ ಇದಾಳೆ. ಅರ್ಧ ಗಂಟೆ ಬಿಟ್ಟು ಬನ್ನಿ.”

“ದಿನಾ ಬರ್ತಾಳಾ?”

“ಎರಡು ವಾರ ಆಯ್ತು.”

“ಏನಾದ್ರೂ ಸಹಾಯ ಬೇಕಾ?” ಎಂದೆ. ವಸುಧಾ ನನ್ನನ್ನು ಒಂದು ಕ್ಷಣ ನೋಡಿದಳು. “ಅಲ್ಲೇ ನಿಂತಿರಿ, ಸಾಕು,” ಎಂದು ಬಾಗಿಲು ಮುಚ್ಚಿದಳು. ಒಳಗೆ ಇಬ್ಬರು ಹೆಂಗಸರು ಯಾವುದಕ್ಕೋ ನಕ್ಕದ್ದು ಕೇಳಿಸಿತು. ವಸುಧಾ ಹಾಗೆ ನಕ್ಕು ಬಹಳ ಕಾಲವಾಗಿತ್ತು. ಅಥವಾ ನಾನು ಗಮನಿಸಿರಲಿಲ್ಲವೋ, ಖಚಿತವಾಗಿ ಹೇಳಲಾರೆ.

ಪಕ್ಕದ ಫ್ಲ್ಯಾಟಿನ ಗೃಹಸ್ಥರು ಲಿಫ್ಟಿನಿಂದ ಇಳಿದು, “ಕ್ಯಾ ಸೆಕ್ರೆಟರಿ ಸಾಬ್, ಚಾಬಿ ಭೂಲ್ ಗಯೇ?” ಬೀಗದ ಕೈ ಮರೆತಿರಾ, ಎಂದರು.

“ನಹೀ, ಮದದ್ ಕರ್ ರಹಾ ಹೂಂ,” ಇಲ್ಲ, ಸಹಾಯ ಮಾಡುತ್ತಿದ್ದೇನೆ, ಎಂದೆ.

ಅವರು ನನ್ನ ಕೈಯಲ್ಲಿದ್ದ ಸೊಪ್ಪನ್ನೂ ಮುಚ್ಚಿದ ಬಾಗಿಲನ್ನೂ ನೋಡಿ, ಗಂಡಹೆಂಡಿರ ಜಗಳವಿರಬೇಕೆಂದು ಮರ್ಯಾದೆಯಿಂದ ಒಳಗೆ ಹೋದರು. ನಾನು ಗೋಡೆಗೆ ಒರಗಿ ನಿಂತೆ. ಅರ್ಧ ಗಂಟೆ ಸುಮ್ಮನಿರುವುದು ಕಷ್ಟವೇನಲ್ಲ. ಯಾರ ಮಗುವಾದರೇನು, ಕೆಲಸವನ್ನು ನಾನು ತಕ್ಕಮಟ್ಟಿಗೆ ಚೆನ್ನಾಗಿಯೇ ಮಾಡಿದೆ.